ಜವಾನ ಎದುರು ನಿಂತು ‘ಮಾಡಲ್ಲ’ ಅಂದರೆ ಸೇನೆಯಲ್ಲಿ ಮುಂದೇನು?

ಪ್ರಶ್ನೆ: ಕಾನೂನು_ಕುತೂಹಲಿ

ಭಾರತದ ಸೇನಾ ಕಾಯ್ದೆ, 1950 ಓದುತ್ತಿದ್ದೇನೆ. ಆದೇಶ ಧಿಕ್ಕರಿಸಿದವನಿಗೆ 14 ವರ್ಷದವರೆಗೆ ಜೈಲು ಅಂತ 41ನೇ ಕಲಮಿನಲ್ಲಿದೆ. ಹಾಗಂತ ಸಿಪಾಯಿ ಗೊಣಗಿದಾಗೆಲ್ಲ ಕೋರ್ಟ್ ಮಾರ್ಷಲ್ (ಸೇನೆಯದೇ ನ್ಯಾಯಾಲಯ) ಕೂರಿಸುತ್ತಾರಾ? ಗೊಣಗಾಟ ಎಲ್ಲಿಗೆ ಮುಗಿದು ಅಪರಾಧ ಎಲ್ಲಿಂದ ಶುರುವಾಗುತ್ತದೆ? ಹವಾಲ್ದಾರ್ ಆ ಹೊತ್ತಿನಲ್ಲಿ ಏನು ಮಾಡಬೇಕು, ಆಮೇಲೆ ಸಿಓ (ಘಟಕದ ಕಮಾಂಡಿಂಗ್ ಆಫೀಸರ್) ಮುಂದೆ ಏನಾಗುತ್ತದೆ? ಬಲ್ಲವರು ಬಿಡಿಸಿ ಹೇಳಿ.

ಉತ್ತರ 1: ಕ್ವಾರ್ಟರ್‌ಗಾರ್ಡ್

ಮೊದಲು ನೋಡಬೇಕಾದದ್ದು ಅಲ್ಲಿ ಆದೇಶ ಅಂತ ಒಂದು ಇತ್ತೇ ಎಂದು. ‘ಯಾರಾದ್ರೂ ಆ ಪೆಟ್ಟಿಗೆ ಎತ್ತಿಡ್ರೋ’ ಅಂದಾಗ ಯಾರೂ ಏಳದಿದ್ದರೆ ಧಿಕ್ಕಾರವಾಗಲಿಲ್ಲ, ಯಾಕೆಂದರೆ ಕೆಲಸ ಯಾರ ಹೆಗಲಿಗೂ ಬಿದ್ದಿರಲಿಲ್ಲ. ಹೆಸರು ಹಿಡಿದು, ಕೆಲಸ ಹೇಳಿ, ಹೊತ್ತು ಹೇಳಬೇಕು: ‘ನೀನು, ರಾತ್ರಿ 10ರಿಂದ 12, ಎರಡನೇ ಪೋಸ್ಟ್, ಸಂತರಿ ಡ್ಯೂಟಿ. ಈಗ ಹೊರಡು.’ ಅಲ್ಲಾಡದಿದ್ದರೆ ಅದೇ ಮಾತು, ಅದೇ ದನಿಯಲ್ಲಿ ಇನ್ನೊಂದು ಸಲ. ‘ಅರ್ಥ ಆಯ್ತಾ?’ ಅಂತ ಕೇಳಿ ಅವನ ಬಾಯಿಂದಲೇ ಉತ್ತರ ತೆಗೆಸಬೇಕು. ಮೂರನೇ ಸಲ ಬೇಡ, ಅಷ್ಟು ಹೊತ್ತಿಗೆ ಆದೇಶ ಚೌಕಾಸಿಯಾಗಿರುತ್ತದೆ.

ಇಡೀ ಸೆಕ್ಷನ್ (ಜವಾನರ ಚಿಕ್ಕ ತಂಡ) ನೋಡುತ್ತಿರುವಾಗ ಸೋಲೊಪ್ಪಲು ಯಾವ ಹುಡುಗನಿಗೂ ಆಗದು. ಪಕ್ಕಕ್ಕೆ ಕರೆಯಬೇಕು, ಆದರೆ ಒಂಟಿಯಾಗಿ ಅಲ್ಲ. ಇನ್ನೊಬ್ಬ ನಾಯಕ್ ಅಥವಾ ಹವಾಲ್ದಾರ್ ಕೇಳಿಸುವಷ್ಟು ದೂರದಲ್ಲಿರಲಿ. ಅವನೇ ನಾಳೆಯ ಸಾಕ್ಷಿ.

ಕೈ ಮಾತ್ರ ಮುಟ್ಟಬಾರದು. ಕಾಲರ್ ಹಿಡಿದು ಎಳೆದರೆ 47ನೇ ಕಲಂ (ಕೈಕೆಳಗಿನವರ ಮೇಲೆ ಬಲಪ್ರಯೋಗ, ಕೆಟ್ಟ ನಡವಳಿಕೆ) ನಿಮ್ಮ ಮೇಲೆಯೇ ಬರುತ್ತದೆ, 7 ವರ್ಷದವರೆಗೆ. ಅವನು ತಿರುಗಿ ತಳ್ಳಿದರೆ ಮೇಲಧಿಕಾರಿಯ ಮೇಲೆ ಕೈಮಾಡಿದ 40ನೇ ಕಲಂ. ಹತ್ತು ನಿಮಿಷದ ಮುನಿಸಿನಲ್ಲಿ ಮುಗಿಯಬೇಕಿದ್ದದ್ದು ಇಬ್ಬರ ನೌಕರಿಯನ್ನೂ ತಿನ್ನುತ್ತದೆ.

ಕುಡಿದವನಿಗಂತೂ ಆದೇಶ ಕೊಡಲೇಬೇಡಿ. ಅಮಲು ಕ್ಷಮೆಗೆ ಕಾರಣವಲ್ಲ ನಿಜ, ಆದರೆ ಆ ಹೊತ್ತಿಗೆ ಕೊಟ್ಟ ಆದೇಶ ಹೊಸ ಅಪರಾಧಕ್ಕೆ ಆಹ್ವಾನ. ಅವನ ಸರಿಸಮಾನರಿಬ್ಬರು ಕರೆದೊಯ್ದು ಮಲಗಿಸಲಿ, ಮಾತು ಬೆಳಗ್ಗೆ. ಕೈಯಲ್ಲಿ ರೈಫಲ್ ಇದ್ದರೆ ಮೊದಲು ಬದಲಿ ಸಂತರಿ ಬಂದು ನಿಲ್ಲಲಿ, ರೈಫಲ್ ಕೋತ್‌ಗೆ (ಶಸ್ತ್ರಾಗಾರಕ್ಕೆ) ಸೇರಲಿ, ವಿಚಾರಣೆ ಆಮೇಲೆ.

ಒಂದು ಗಂಟೆಯೊಳಗೆ ಬರೆದಿಡಿ. ‘ಉದ್ಧಟತನದಿಂದ ವರ್ತಿಸಿದ’ ಅನ್ನುವ ರಿಪೋರ್ಟ್ ಯಾವ ಕೆಲಸಕ್ಕೂ ಬಾರದು. ಯಾವ ಮಾತು ಆಡಿದ, ಹಿಂದಿಯಲ್ಲಿ ಆಡಿದ್ದರೆ ಹಿಂದಿಯಲ್ಲೇ, ಎಷ್ಟು ಗಂಟೆಗೆ, ಯಾರು ಕೇಳಿಸಿಕೊಂಡರು, ಇಷ್ಟಿರಬೇಕು. ಜೊತೆಗೆ ಪ್ಲಟೂನಿನ ಸುಬೇದಾರ್ ಅವನನ್ನು ಕೂರಿಸಿಕೊಂಡು ಕಾರಣ ಕೇಳಲಿ. ರಜೆ ತಳ್ಳಿಹೋಗಿದೆಯೋ, ಮನೆಯಿಂದ ಕೆಟ್ಟ ಸುದ್ದಿ ಬಂದಿದೆಯೋ, ಒಬ್ಬನಿಗೇ ಸತತ ನೈಟ್ ಡ್ಯೂಟಿ ಬೀಳುತ್ತಿದೆಯೋ ನೋಡಬೇಕು. ಡ್ಯೂಟಿ ರೋಸ್ಟರ್ ತಿರುವಿದರೆ ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ. ಕಾರಣ ಸಿಕ್ಕಿತೆಂದು ತಪ್ಪು ಮಾಫಿ ಆಗಬೇಕಿಲ್ಲ. ಎರಡೂ ಬೇರೆ ಬೇರೆ ಲೆಕ್ಕ.

ಉತ್ತರ 2: ಕಲಂ_ಕಡತ

ಕಾನೂನಿನ ಭಾಗ ನಾನು ಹೇಳುತ್ತೇನೆ. 41ನೇ ಕಲಮಿನಲ್ಲಿ ಎರಡು ಮೆಟ್ಟಿಲಿವೆ, ಪ್ರಶ್ನೆ ಕೇಳಿದವರು ಒಂದನ್ನೇ ಓದಿದಂತಿದೆ. 41(1) ಅಂದರೆ ಮೇಲಿನವನು ತನ್ನ ಕರ್ತವ್ಯದಲ್ಲಿದ್ದು ಖುದ್ದಾಗಿ ಕೊಟ್ಟ ಕಾನೂನುಬದ್ಧ ಆದೇಶವನ್ನು, ಅವನ ಅಧಿಕಾರವನ್ನೇ ಬೇಕೆಂತಲೇ ಧಿಕ್ಕರಿಸುವ ರೀತಿಯಲ್ಲಿ ಮೀರುವುದು. ಅದಕ್ಕೆ 14 ವರ್ಷದವರೆಗೆ. 41(2) ಬರೀ ಆದೇಶ ಪಾಲಿಸದಿರುವುದು. ಅದಕ್ಕೆ ಆ್ಯಕ್ಟಿವ್ ಸರ್ವಿಸ್‌ನಲ್ಲಿ (ಯುದ್ಧ, ಕಾರ್ಯಾಚರಣೆಯಂಥ ಸೇವೆ) 14, ಉಳಿದಂತೆ 5 ವರ್ಷದವರೆಗೆ. ‘ಮಾಡಲ್ಲ, ಏನ್ ಮಾಡ್ಕೋತೀಯೋ ಮಾಡ್ಕೋ’ ಮೊದಲನೆಯದು. ಹೂಂ ಅಂದು ಹೋಗದೇ ಇರುವುದು ಎರಡನೆಯದು. ಕ್ವಾರ್ಟರ್‌ಗಾರ್ಡ್ ಅವರು ಆಡಿದ ಮಾತನ್ನೇ ಬರೆಯಿರಿ ಅಂದದ್ದು ಇದಕ್ಕೇ.

ಸೇನಾ ನಿಯಮ 22ರಂತೆ ಸಿಓ ಆರೋಪಿಯ ಎದುರಲ್ಲೇ ಆರೋಪ ಕೇಳಬೇಕು. ಸಾಕ್ಷಿಗಳನ್ನು ಪ್ರಶ್ನಿಸಲು, ತನ್ನ ಕಡೆಯವರನ್ನು ಕರೆಸಲು ಜವಾನನಿಗೆ ಹಕ್ಕಿದೆ. ಹುರುಳಿಲ್ಲದಿದ್ದರೆ ಸಿಓ ಅಲ್ಲೇ ಕೈಬಿಡಬಹುದು. ಇದ್ದರೆ 80ನೇ ಕಲಮಿನಡಿ ತಾನೇ ಶಿಕ್ಷಿಸಬಹುದು: 28 ದಿನದವರೆಗೆ ಸೇನಾ ಸೆರೆ ಅಥವಾ ಡಿಟೆನ್ಷನ್, ಇಲ್ಲವೇ ಲೈನ್ಸ್ (ಜವಾನರ ವಸತಿ ಆವರಣ) ಬಿಟ್ಟು ಹೋಗದಂತೆ ನಿರ್ಬಂಧ, ಹೆಚ್ಚುವರಿ ಗಾರ್ಡ್ ಡ್ಯೂಟಿ, ಒಂದು ತಿಂಗಳಲ್ಲಿ 14 ದಿನದ ಸಂಬಳದವರೆಗೆ ದಂಡ. ಎನ್‌ಸಿಓಗಳಿಗೆ (ನಾಯಕ್, ಹವಾಲ್ದಾರ್ ಮುಂತಾದವರಿಗೆ) ಸೆರೆ, ಡಿಟೆನ್ಷನ್, ಲೈನ್ಸ್ ನಿರ್ಬಂಧ ಹೀಗೆ ಕೊಡುವಂತಿಲ್ಲ.

ವಿಷಯ ದೊಡ್ಡದಾದರೆ ಸಾಕ್ಷ್ಯವನ್ನೆಲ್ಲ ಬರಹಕ್ಕಿಳಿಸಿ (ನಿಯಮ 23) ಸಮರಿ (ಸಂಕ್ಷಿಪ್ತ) ಕೋರ್ಟ್ ಮಾರ್ಷಲ್. ಅಲ್ಲಿ ಸಿಓ ಒಬ್ಬನೇ ನ್ಯಾಯಾಲಯ, ಇನ್ನಿಬ್ಬರು ಅಧಿಕಾರಿಗಳು ಅಥವಾ ಜೆಸಿಓಗಳು (ಸುಬೇದಾರ್ ಮುಂತಾದವರು) ಕೂತಿರಬೇಕು. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನವರಾದರೆ 1 ವರ್ಷದವರೆಗೆ, ಕೆಳಗಿನವರಾದರೆ 3 ತಿಂಗಳವರೆಗೆ ಸೆರೆ ಕೊಡಬಹುದು.

ಎಡವುವುದು ಹೆಚ್ಚಾಗಿ ಇಲ್ಲೇ. ನಿಯಮ 34ರಂತೆ ಆರೋಪ ತಿಳಿಸಿದ ಮೇಲೆ 96 ಗಂಟೆ (ಆ್ಯಕ್ಟಿವ್ ಸರ್ವಿಸ್‌ನಲ್ಲಿ 24) ಬಿಡಬೇಕು. ಅವಸರಪಟ್ಟರೆ ಇಡೀ ವಿಚಾರಣೆ ಬಿದ್ದುಹೋಗುತ್ತದೆ. ಇನ್ನೊಂದು, ತನ್ನ ಮೇಲೇ ನಡೆದ ಅಪರಾಧವನ್ನು, ತುರ್ತಿಲ್ಲದಿದ್ದರೆ, ಸಿಓ ಮೇಲಿನವರಿಗೆ ಕಳಿಸದೆ ತಾನೇ ವಿಚಾರಿಸುವಂತಿಲ್ಲ, 120(2). 1987ರ ರಂಜಿತ್ ಠಾಕೂರ್ ಪ್ರಕರಣ ಓದಿ. ಸಿಗ್ನಲ್‌ಮನ್ (ಸಂಪರ್ಕ ವಿಭಾಗದ ಜವಾನ) ಒಬ್ಬ ತನ್ನ ಮೇಲಧಿಕಾರಿಯ ವಿರುದ್ಧ ನೇರ ಮೇಲಕ್ಕೆ ದೂರು ಬರೆದ, 28 ದಿನ ಸೆರೆಯಾಯಿತು. ಸೆರೆಯಲ್ಲಿ ‘ಊಟ ಮಾಡು’ ಅಂದರೆ ಒಲ್ಲೆನೆಂದ. ಅದಕ್ಕೆ ಸಮರಿ ಕೋರ್ಟ್ ಮಾರ್ಷಲ್, 1 ವರ್ಷ ಸೆರೆ, ವಜಾ. ಪೀಠದಲ್ಲಿದ್ದವರು ಯಾರ ಮೇಲೆ ದೂರು ಬರೆದಿದ್ದನೋ ಅವರೇ! ಪೀಠದಲ್ಲಿರುವವರ ಬಗ್ಗೆ ಆಕ್ಷೇಪ ಇದೆಯೇ ಎಂದು ಅವನನ್ನು ಕೇಳಿರಲಿಲ್ಲ, ಶಿಕ್ಷೆಯೂ ತಪ್ಪಿಗೆ ತಕ್ಕದ್ದಲ್ಲ ಅಂತ ಸುಪ್ರೀಂ ಕೋರ್ಟ್ ಎಲ್ಲವನ್ನೂ ರದ್ದು ಮಾಡಿತು.

ಕಾನೂನು_ಕುತೂಹಲಿ

ಬಹಳ ಉಪಯೋಗವಾಯಿತು. ಒಬ್ಬನಲ್ಲದೆ ಎಂಟು ಜನ ಒಟ್ಟಿಗೆ ಕೂತುಬಿಟ್ಟರೆ? ಮತ್ತೆ ಸೇನೆಯ ಶಿಕ್ಷೆಯ ಮಾತು ಬಂದಾಗ ಕೇಳಿಬರುವ ‘ರೆಡ್ ಇಂಕ್’ ಅಂದರೇನು?

ಉತ್ತರ 3: ಹಳೇ_ನಕ್ಷೆ

ಗುಂಪಾದರೆ 37ನೇ ಕಲಮಿನ ನೆರಳು ಬೀಳುತ್ತದೆ, ಅಂದರೆ ದಂಗೆ. ಅದಕ್ಕೆ ಮರಣದಂಡನೆಯೂ ಉಂಟು. ಗೊತ್ತಿದ್ದೂ ತಿಳಿಸದವನೂ ಸಿಕ್ಕಿಬೀಳುತ್ತಾನೆ. ಅದಕ್ಕೇ ಪಳಗಿದ ಜೆಸಿಓ ಗುಂಪಿಗೆ ಆದೇಶ ಕೊಡುವುದಿಲ್ಲ. ಗುಂಪು ಒಂದೇ ಬಾಯಲ್ಲಿ ‘ಇಲ್ಲ’ ಅಂದುಬಿಟ್ಟರೆ ಹಿಂದೆ ಬರಲು ಯಾರಿಗೂ ದಾರಿ ಉಳಿಯದು. ಒಬ್ಬೊಬ್ಬರನ್ನೇ ಹೆಸರಿಟ್ಟು ಕರೆದು, ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಕಡೆ ಕಳಿಸುತ್ತಾನೆ. ದೂರಿದ್ದರೆ 26ನೇ ಕಲಮಿನಡಿ ಒಬ್ಬೊಬ್ಬನೂ ತನ್ನ ಕಮಾಂಡರ್‌ಗೆ, ದೂರು ಅವನ ಮೇಲೇ ಆದರೆ ಮೇಲಿನವನಿಗೆ ಕೊಡಬಹುದು.

ಇದು ಹಳೆಯ ಉಪಾಯ. 1863ರ ಮೇ, ಅಮೆರಿಕದ ಅಂತರ್ಯುದ್ಧ: ಎರಡು ವರ್ಷದ ಅವಧಿ ಮುಗಿದು ಮೇನ್ ರಾಜ್ಯದ 2ನೇ ರೆಜಿಮೆಂಟ್ ಮನೆಗೆ ಹೋಯಿತು. ಮೂರು ವರ್ಷಕ್ಕೆ ಸಹಿ ಮಾಡಿದ್ದ ಸುಮಾರು 120 ಮಂದಿ ಮಾತ್ರ ಉಳಿದರು, ಇನ್ನು ಕಾದುವುದಿಲ್ಲ ಎಂದರು. ಕಾವಲಿನಲ್ಲಿ ಅವರನ್ನು ಅದೇ ರಾಜ್ಯದ 20ನೇ ರೆಜಿಮೆಂಟಿನ ಕಮಾಂಡರ್ ಜೋಶುವಾ ಚೇಂಬರ್ಲೇನ್‌ಗೆ ಒಪ್ಪಿಸಿದರು. ಕೇಳದಿದ್ದರೆ ಗುಂಡಿಕ್ಕುವ ಅಧಿಕಾರವೂ ಇತ್ತು. ಅವನು ಮೊದಲು ಊಟ ಹಾಕಿಸಿದ, ಕಾವಲು ತೆಗೆಸಿದ, ಅವರ ಅಹವಾಲನ್ನು ಮೇಲಕ್ಕೆ ಒಯ್ಯುತ್ತೇನೆಂದ. ಆಮೇಲೆ ಕಂಪನಿ ಕಂಪನಿಗೂ ಹಂಚಿಬಿಟ್ಟ, ಗುಂಪೇ ಕರಗಿತು. ಜುಲೈ 2ರಂದು ಗೆಟಿಸ್‌ಬರ್ಗ್‌ನ ಲಿಟಲ್ ರೌಂಡ್ ಟಾಪ್ ಗುಡ್ಡದ ಮೇಲೆ ಅವರಲ್ಲಿ ಬಹುತೇಕರು ಅವನ ಜೊತೆಯೇ ನಿಂತು ಕಾದಿದರು.

ಉತ್ತರ 4: ಕಲಂ_ಕಡತ

ರೆಡ್ ಇಂಕ್ ಅಂದರೆ ಸೆರೆ, ಡಿಟೆನ್ಷನ್ ಥರದ ಭಾರಿ ಶಿಕ್ಷೆಗಳನ್ನು ಶೀಟ್ ರೋಲ್‌ನಲ್ಲಿ (ಜವಾನನ ಸೇವಾ ದಾಖಲೆ) ಕೆಂಪು ಶಾಯಿಯಲ್ಲಿ ಬರೆಯುವುದು. ಸಣ್ಣವು ಕಪ್ಪಿನಲ್ಲಿ. ನಾಲ್ಕು ಕೆಂಪಾದರೆ ನಿಯಮ 13ರಡಿ ‘ಬೇಡದವನು’ ಅಂತ ಮನೆಗೆ ಕಳಿಸುವ ಪ್ರಸ್ತಾಪ ಏಳುತ್ತದೆ. ಆದರೆ ನಾಲ್ಕಾದವು ಅಂದ ಮಾತ್ರಕ್ಕೆ ತೆಗೆಯುವಂತಿಲ್ಲ, ಮೊದಲು ವಿಚಾರಣೆ ಮಾಡಿ, ಎಷ್ಟು ವರ್ಷ ಸೇವೆ ಸಲ್ಲಿಸಿದ್ದಾನೆ, ಎಂಥ ಕಷ್ಟದ ಜಾಗದಲ್ಲಿದ್ದ ಅಂತ ನೋಡಿ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಹಾಗಾಗಿ ಮುಂಗೋಪದಲ್ಲಿ ಕೆಂಪು ಗೀಚುವ ಸಿಓ, ಆ ಗೀಟು ಹತ್ತು ವರ್ಷದ ನಂತರ ಯಾರೋ ಓದುತ್ತಾರೆ ಅಂತ ಎಣಿಸಿಯೇ ಪೆನ್ನು ಎತ್ತಬೇಕು.