ಹ್ಯಾಂಗ್‌ಫೈರ್‌ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಹಳೆಯ ಫಿರಂಗಿ ಸಿಡಿಸುವವರಿಗಾಗಿ ಒಂದು ಎಚ್ಚರಿಕೆ ಫಲಕ ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಬೆಂಕಿ ಕೊಟ್ಟರೂ ಮದ್ದು ಹೊತ್ತಲೇ ಇಲ್ಲ ಅಂದರೆ ಮಿಸ್‌ಫೈರ್. ಒಳಗೆ ಕಿಡಿ ಕೂತಿದ್ದು, ತಡವಾಗಿ ಢಂ ಅಂದರೆ ಹ್ಯಾಂಗ್‌ಫೈರ್. ಮೊದಲನೆಯದಕ್ಕೆ ‘ಠುಸ್’, ಎರಡನೆಯದಕ್ಕೆ ‘ಒಳಗಿಡಿ’ ಎಂದು ಬರೆದಿದ್ದೇನೆ. ಸರಿಯಾಗುತ್ತದಾ?

ಉತ್ತರ:
‘ಒಳಗಿಡಿ’ ಬೇಡವೇ ಬೇಡ. ಒಳ+ಕಿಡಿ ಎಂದು ಬಿಡಿಸುವವರು ನಾವು. ಫಿರಂಗಿ ಪಕ್ಕ ನಿಂತವನು ಒಳಗೆ+ಇಡಿ ಎಂದೇ ಓದುತ್ತಾನೆ. ಸಿಡಿಯದ ಫಿರಂಗಿಯ ಒಳಗೆ ಏನನ್ನು ಇಡಬೇಕು? ‘ಠುಸ್’ ಕೂಡ ತೆಗೆಯಿರಿ. ಪಟಾಕಿ ಠುಸ್ ಆಯ್ತು ಅಂದರೆ ಕಥೆ ಮುಗಿಯಿತು, ಹತ್ತಿರ ಹೋಗಬಹುದು ಅಂತ. ಇಲ್ಲಿ ಮುಗಿದಿಲ್ಲ ಅನ್ನುವುದೇ ವಿಷಯ. ಹೊರಗಿನವರಿಗೆ ಎರಡೂ ಒಂದೇ ತರಹ ಕಾಣುತ್ತವೆ. ಹಾಗಾಗಿ ಎರಡಕ್ಕೂ ‘ಸಿಡಿಯದ ಮದ್ದು’ ಸಾಕು. ಕೆಳಗೆ ‘ಒಳಗೆ ಕಿಡಿ ಇರಬಹುದು. ಬಾಯಿಯ ಮುಂದೆ ಹೋಗಬೇಡಿ. ಕಾಯಿರಿ’ ಎಂದು ಬರೆಯಿರಿ.

ಮೈಸೂರು ದಸರೆ ನೆನಪಿಸಿಕೊಳ್ಳಿ. ರಾಷ್ಟ್ರಗೀತೆಯ 52 ಸೆಕೆಂಡಿನೊಳಗೆ 7 ಫಿರಂಗಿಗಳಿಂದ 21 ಕುಶಾಲತೋಪು. ಒಂದೊಂದರಿಂದ ಮೂರು ಸಲ. ಪ್ರತಿ ಸಲವೂ ಒದ್ದೆ ಬಟ್ಟೆಯ ಕೋಲು ನಳಿಗೆಯೊಳಗೆ ಹೋಗಿ ಬರಬೇಕು. ಒಂದು ಕಿಡಿ ಉಳಿದರೂ ಮುಂದಿನ ಮದ್ದು ತುಂಬುವವನ ಕೈಯಲ್ಲೇ ಹೊತ್ತುತ್ತದೆ.

ಮತ್ತೊಬ್ಬರು:
ಫಿರಂಗಿ ಯಾಕೆ? ಅದು ಫ್ರಾಂಕರ, ಅಂದರೆ ಯುರೋಪಿನವರ ಹೆಸರು. ‘ಗುಂಡುಗೊಳವೆ’ ಅನ್ನಿ. ಬೆಂಕಿ ಕೊಡುವ ತೂತಿಗೆ ‘ರಂಧ್ರ’ವೂ ಬೇಡ, ‘ಕಿವಿ’ ಅನ್ನಿ. ಮರಾಠಿಯಲ್ಲೂ ತೋಪು ಕೆಡಿಸುವುದಕ್ಕೆ ‘ಕಿವಿಗೆ ಮೊಳೆ ಹೊಡೆಯುವುದು’ ಎಂದೇ ಹೇಳುತ್ತಾರೆ.

ಉತ್ತರ:
‘ಕಿವಿ’ ಒಪ್ಪಿದೆ. ಬಾಯಿ ಇದ್ದ ಮೇಲೆ ಕಿವಿಯೂ ಇರಲಿ. ‘ಗುಂಡುಗೊಳವೆ’ ಸುಮ್ನೆ ಹಠ. ಪರಂಗಿಹಣ್ಣೂ ಅದೇ ಫ್ರಾಂಕರ ಹೆಸರು ಹೊತ್ತಿದೆ, ಅದನ್ನು ಯಾರೂ ಬಿಟ್ಟಿಲ್ಲ. ತೋಪು ತುರ್ಕಿಯದು, ಕುಶಾಲ ಪಾರಸಿಯದು. ಹಾಗಂತ 1549ರಲ್ಲಿ ಎರಕ ಹೊಯ್ದ ವಿಜಯಪುರದ ಮುಲ್ಕ್ ಮೈದಾನ್ ತೋಪಿಗೆ ಈಗ ಹೊಸ ಹೆಸರಿಡುತ್ತೀರಾ? ಅಚ್ಚಗನ್ನಡ ಬೇಕಿದ್ದರೆ ‘ಮದ್ದು’ ಇದೆಯಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳು ಇವತ್ತಿಗೂ ಇವೆ.

ಇನ್ನೊಂದು ಮಾತು. ಪ್ರದರ್ಶನಕ್ಕಿಟ್ಟ ಫಿರಂಗಿಗೆ ‘ಖಾಲಿ’ ಎಂದು ಬರೆಯಬೇಡಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಹಳೆಯ ಫಿರಂಗಿಯ ತುಕ್ಕು ತೆಗೆಯಲು ಹೋದಾಗ ಒಳಗೆ ಮದ್ದೂ ಗುಂಡೂ ಸಿಕ್ಕವು. ಅದು 2013ರಲ್ಲಿ!

ಕೇಳಿದವರು:
ತುಂಬಾ ಉಪಕಾರವಾಯಿತು. ‘ಸಿಡಿಯದ ಮದ್ದು’, ‘ಕಿವಿ’ ಎರಡನ್ನೂ ಹಾಕಿದ್ದೇನೆ. ಫಿರಂಗಿ ಫಿರಂಗಿಯಾಗೇ ಇರುತ್ತದೆ. ಮಳೆನೀರು ಇಳಿಯದಂತೆ ಬಾಯಿಗೆ ಜಡಿಯುವ ಮರದ ತುಂಡಿಗೆ ‘ಬಿರಡೆ’ ಎಂದು ಬರೆದೆ. ಸೀಸೆಯ ಬಿರಡೆಯ ಕೆಲಸವೇ ಅಲ್ವಾ ಅದು?