ಪುಟ್ಟಿಯ ಏಡಿ ಪುಸ್ತಕಕ್ಕೆ ದೊಡ್ಡಮ್ಮನ ಉತ್ತರ

ನೋಡಮ್ಮ, ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಇಷ್ಟುದ್ದ ಟೈಪ್ ಮಾಡುವುದು ನನ್ನಿಂದಾಗದು, ಬಾಯಲ್ಲೇ ಹೇಳಿಬಿಡುತ್ತೇನೆ. ಪುಟ್ಟಿ ಹೊಸ ಶಾಲೆಯಲ್ಲಿ ಒಬ್ಬಳೇ ಕೂರುತ್ತಾಳೆ, ರಾತ್ರಿಯಾದರೆ ಆ ಏಡಿ ಪುಸ್ತಕವನ್ನೇ ಮತ್ತೆ ಮತ್ತೆ ಓದಿಸುತ್ತಾಳೆ, ಮಗು ಒಳಗೊಳಗೇ ಕೊರಗುತ್ತಿದೆಯಾ, ಪುಸ್ತಕ ಎತ್ತಿಡಲಾ ಅಂತ ಕೇಳಿದ್ದೀಯ. ಎಲ್ಲ ಏಡಿಗಳೂ ಅಡ್ಡಡ್ಡ ನಡೆಯುವಾಗ ಒಂದು ಮರಿ ಮಾತ್ರ ನೇರ ನಡೆಯುತ್ತದೆ, ಉಳಿದವು ನಗುತ್ತವೆ, ಅದು ಬಂಡೆ ದಾಟಿ ಒಂದೇ ಹೊರಟುಬಿಡುತ್ತದೆ, ಅದೇ ಅಲ್ವಾ? ನೇರ ನಡೆಯುವ ಏಡಿ ಕಟ್ಟುಕತೆ ಏನಲ್ಲ ಕಣೆ. ಆಸ್ಟ್ರೇಲಿಯಾದ ಕಡಲ ತೀರದಲ್ಲಿ ಸೈನಿಕ ಏಡಿ ಅಂತ ಇವೆ, ಹಿಂಡು ಹಿಂಡಾಗಿ ಮುಂದಕ್ಕೇ ನಡೆಯುತ್ತವೆ. ಇರಲಿ.

ನಾನು ಹೇಳುವುದು ಒಂದೇ. ಓದುವಾಗ ‘ನೋಡು, ಇದು ನಿನ್ನ ಹಾಗೇ ಇದೆ’ ಅಂತ ಮಾತ್ರ ಹೇಳಬೇಡ.

ನಾನು ಚಿಕ್ಕವಳಿದ್ದಾಗ ಎಷ್ಟು ಉಗ್ಗುತ್ತಿದ್ದೆ ಅಂತ ನಿಮಗೆಲ್ಲ ಗೊತ್ತು. ಹೆಸರು ಕೇಳಿದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ಆಗ ಒಬ್ಬರು ಮೇಷ್ಟರು ಕ್ಲಾಸಿನಲ್ಲಿ ಆಂಡರ್ಸನ್ ಬರೆದ ಕುರೂಪಿ ಬಾತುಕೋಳಿ ಮರಿಯ ಕತೆ ಓದಿದರು. 1843ರಲ್ಲಿ ಅಚ್ಚಾದ ಕತೆ ಅದು, ಇಂಥ ಕತೆಗಳಿಗೆಲ್ಲ ಮುತ್ತಜ್ಜಿ. ದೊಡ್ಡ ದೊಡ್ಡ ಚಿತ್ರಗಳ ಪುಸ್ತಕ. ಮುದುಕಿಯ ಮನೆಯಲ್ಲಿ ಕೋಳಿ ಕೇಳುತ್ತದಲ್ಲ, ನಿನಗೆ ಮೊಟ್ಟೆ ಇಡಲು ಬರುತ್ತಾ, ಬರುವುದಿಲ್ಲವಾ, ಹಾಗಾದರೆ ಬಾಯಿ ಮುಚ್ಚಿಕೊಂಡಿರು ಅಂತ, ಆಗ ನನಗೆ ಆ ಕೋಳಿಯ ಮೇಲೆ ಎಂಥ ಸಿಟ್ಟು! ನಾನು ಆ ಮರಿಯ ಜೊತೆಗೇ ಹೋಗುತ್ತಿದ್ದೆ. ಆ ಕತೆಯೊಳಗೆ ನನಗೆ ಉಗ್ಗೇ ಇರಲಿಲ್ಲ.

ಕೊಳ ಹೆಪ್ಪುಗಟ್ಟಿ ಮರಿ ಅದರಲ್ಲಿ ಸಿಕ್ಕಿಬೀಳುವ ಚಿತ್ರ ಬಂತು. ಮೇಷ್ಟರು ಪುಸ್ತಕ ಎತ್ತಿ ಹಿಡಿದು, ‘ನಮ್ಮ ಕ್ಲಾಸಿನಲ್ಲೂ ಇಂಥದ್ದೊಂದು ಮರಿ ಇದೆ, ಮುಂದೆ ಅದೂ ಹಂಸ ಆಗುತ್ತದೆ’ ಅಂತ ನನ್ನ ಕಡೆ ನೋಡಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬೇಕು. ಆದರೆ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ಮರಿ ಹಂಸ ಆದದ್ದು ನನ್ನ ಕಿವಿಗೇ ಬೀಳಲಿಲ್ಲ. ಆ ಶಾಲೆ ಬಿಡುವವರೆಗೂ ನನ್ನ ಹೆಸರು ಬಾತು.

ಅಲ್ಲಾ, ಹಂಸ ಆಗದೇ ಹೋದರೆ ಏನು ಗತಿ? ಫೋನಿನಲ್ಲಿ ಹೊಸಬರು ಮಾತಾಡಿದರೆ ನಾನು ಈಗಲೂ ಉಗ್ಗುತ್ತೇನೆ. ನಿನ್ನ ಏಡಿ ಕೊನೆಯ ಪುಟದಲ್ಲಿ ಅಡ್ಡ ನಡೆಯುವುದನ್ನು ಕಲಿತುಬಿಡುತ್ತದಾ? ಇಲ್ಲಾ ಎಲ್ಲರ ಜೀವ ಉಳಿಸಿದ ಮೇಲಷ್ಟೇ ಸೇರಿಸಿಕೊಳ್ಳುತ್ತಾರಾ? ನನಗೆ ಎರಡೂ ಹಿಡಿಸುವುದಿಲ್ಲ. ನೇರ ನಡೆಯುತ್ತಲೇ ಗೆಳೆಯರು ಸಿಕ್ಕರೆ ಅದು ಒಳ್ಳೆಯ ಪುಸ್ತಕ.

ಅದಕ್ಕೇ ಮತ್ತೆ ಹೇಳುತ್ತೇನೆ, ‘ಇದು ನೀನೇ’ ಅನ್ನಬೇಡ. ನೀನೂ ಅನ್ನಬೇಡ, ನಿಮ್ಮ ಅತ್ತೆಯವರಿಗೂ ಹೇಳಿಡು.

ಇನ್ನು ನಮ್ಮ ದೊಡ್ಡಣ್ಣ. ಆ ಬಾತು ಹೆಸರನ್ನು ಇವತ್ತಿಗೂ ಬಿಟ್ಟಿಲ್ಲ. ನನ್ನ ಹುಟ್ಟುಹಬ್ಬದ ದಿನ ಇದೇ ಗ್ರೂಪಿನಲ್ಲಿ ಬಾತುಕೋಳಿ ಸ್ಟಿಕರ್ ಹಾಕಿದ. ಅಷ್ಟೂ ಜನ ನಗುವ ಮುಖ ಹಾಕಿದಿರಿ, ಒಬ್ಬರಾದರೂ ಬೇಡ ಅಂದಿರಾ? ಮೊಮ್ಮಕ್ಕಳನ್ನು ಕಂಡವಳು ನಾನು. ಇವನ ಮಗನ ಕನ್ನಡಕ ನೋಡಿ ಯಾರೋ ನಕ್ಕರು ಅಂತ ಶಾಲೆಗೇ ಹೋಗಿ ಜಗಳ ಆಡಿ ಬಂದವನು ಇವನೇ. ನನ್ನ ವಿಷಯ ಬಂದರೆ ಮಾತ್ರ ಸುಮ್ನೆ ತಮಾಷೆ ಅಂತೆ. ಕೇಳಿಸಿಕೊಳ್ಳಲಿ ಅಂತಲೇ ಇಲ್ಲಿ ಹೇಳುತ್ತಿದ್ದೇನೆ.

ಅಯ್ಯೋ, ನೀನು ಕೇಳಿದ್ದೇ ಬಿಟ್ಟುಹೋಯಿತು. ಪುಸ್ತಕ ಎತ್ತಿಡಬೇಡ. ಮಕ್ಕಳು ಒಂದೇ ಕತೆಯನ್ನು ಮತ್ತೆ ಮತ್ತೆ ಕೇಳುವುದು ಹೊಸತೇನಲ್ಲ, ಅದೊಂದನ್ನೇ ನೋಡಿ ಕೊರಗು ಅನ್ನಬೇಡ. ಇಂಥ ಪುಸ್ತಕ ಸಾಮಾನ್ಯವಾಗಿ 32 ಪುಟ, ಅರ್ಧ ಕತೆ ಚಿತ್ರದಲ್ಲೇ ಇರುತ್ತದೆ. ಪುಟ ಅವಳೇ ತಿರುವಲಿ. ಮಾತಿಲ್ಲದ ಪುಟ ಬಂದರೆ ನೀನೂ ಮಾತಾಡಬೇಡ, ಅವಳು ನೋಡಿ ಮುಗಿಸಲಿ. ಕೇಳಲೇಬೇಕು ಅನ್ನಿಸಿದರೆ ‘ಏಡಿ ಈಗ ಎಲ್ಲಿಗೆ ಹೊರಟಿದೆ’ ಅಂತ ಏಡಿಯ ಬಗ್ಗೆ ಕೇಳು, ಶಾಲೆಯ ಬಗ್ಗೆ ಬೇಡ. ಹೇಳುವುದಿದ್ದರೆ ಅವಳೇ ಏಡಿಯ ಬಾಯಲ್ಲಿ ಹೇಳುತ್ತಾಳೆ.

ಟೀಚರ್ ಹತ್ತಿರ ಮಾತಾಡು, ಆದರೆ ‘ಎಲ್ಲರೂ ಇವಳ ಜೊತೆ ಆಡಿ’ ಅಂತ ಕ್ಲಾಸಿನಲ್ಲಿ ಸಾರಬೇಡಿ ಅನ್ನು. ಒಂದೇ ಒಂದು ಮಗುವಿನ ಜೊತೆ ಪುಸ್ತಕ ಹಂಚುವ ಕೆಲಸವೋ ಬೋರ್ಡ್ ಒರೆಸುವ ಕೆಲಸವೋ ಕೊಟ್ಟರೆ ಸಾಕು. ಊಟ ನಿದ್ದೆ ಕೆಟ್ಟರೆ, ಶಾಲೆಗೇ ಹೋಗುವುದಿಲ್ಲ ಅಂತ ದಿನಾ ಅಳತೊಡಗಿದರೆ, ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸು. ಸರಿ, ಆ ಕೊನೆಯ ಪುಟದ ಫೋಟೋ ಕಳಿಸು, ಏಡಿ ಏನು ಮಾಡಿತು ನೋಡುತ್ತೇನೆ.