ಬಾಣಂತಿಗೆ ವಿಟಮಿನ್ ಡಿ: ವಾರಕ್ಕೊಂದು 60,000 ಯೂನಿಟ್ ಬೇಕೇ?

ಪ್ರಶ್ನೆ (ಬದಿಯಡ್ಕ)
ಜೂನ್ ಕೊನೆಯಲ್ಲಿ ಹೆರಿಗೆಯಾದ ನನ್ನ ತಂಗಿ ಬಾಣಂತನಕ್ಕೆ ನಮ್ಮಲ್ಲೇ ಇದ್ದಾಳೆ. ಮಳೆಯಿಂದಾಗಿ ಅಂಗಳಕ್ಕೂ ಇಳಿದಿಲ್ಲ. ಹೆರಿಗೆಯ ಬಳಿಕ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದ್ದಾಳೆ. ಈಗ ಸೊಂಟನೋವು ಎಂದಾಗ ನೆರೆಮನೆಯವರು ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ ಗುಳಿಗೆ ಸೂಚಿಸಿದ್ದಾರೆ. ಹಾಲೂಡಿಸಿದರೆ ಮೂಳೆ ಸವೆಯುತ್ತದೆಂಬುದು ನಿಜವೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ನಿವೃತ್ತ ದಾದಿ, ಕುಂಬಳೆ)
ನಿಜವೇ, ಆದರೆ ಅರ್ಧ ಮಾತ್ರ. ಬಸುರಿನಲ್ಲಿ ಮಗುವಿಗೆ ಬೇಕಾದ ಸುಮಾರು 30 ಗ್ರಾಂ ಕ್ಯಾಲ್ಸಿಯಂನ ಬಹುಪಾಲನ್ನು ತಾಯಿಯ ಕರುಳು ಆಹಾರದಿಂದ ಹೆಚ್ಚು ಹೀರಿಕೊಂಡು ಹೊಂದಿಸುತ್ತದೆ. ಹಾಲೂಡಿಸುವಾಗ ಈಸ್ಟ್ರೋಜನ್ ತಗ್ಗಿರುವುದರಿಂದಲೂ ಸ್ತನದಲ್ಲೇ ಉಂಟಾಗುವ ಒಂದು ಹಾರ್ಮೋನಿನಿಂದಲೂ ಮೂಳೆಯ ಕ್ಯಾಲ್ಸಿಯಂ ಕರಗಿ, ಮೊದಲ ಆರು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇಕಡಾ 3ರಿಂದ 10ರಷ್ಟು ಇಳಿಯಬಹುದು. ಹಾಲು ಬಿಡಿಸಿದ ಮೇಲೆ ಆರರಿಂದ ಹನ್ನೆರಡು ತಿಂಗಳಲ್ಲಿ ಹೆಚ್ಚಿನವರಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ. ಮೂಳೆಗೆ ಹೆದರಿ ಹಾಲೂಡಿಸುವುದನ್ನು ಬಿಡಬೇಕಾಗಿಲ್ಲ.

ಮಾತ್ರೆ ಬಿಟ್ಟದ್ದು ಮಾತ್ರ ಸರಿಯಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ 500 ಮಿ.ಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ ಡಿ ಇರುವ ಮಾತ್ರೆಯನ್ನು ದಿನಕ್ಕೆರಡರಂತೆ ಊಟದೊಂದಿಗೆ, ಹೆರಿಗೆಯಾಗಿ ಆರು ತಿಂಗಳವರೆಗೂ ತೆಗೆದುಕೊಳ್ಳಬೇಕು. ಕಬ್ಬಿಣದ ಮಾತ್ರೆಯ ಜೊತೆಗೇ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲವಾದ್ದರಿಂದ ಎರಡು ಗಂಟೆಯ ಅಂತರವಿರಲಿ.

ಉತ್ತರ (ಮಂಜೇಶ್ವರ)
60,000 ಯೂನಿಟ್ ಎಂಬುದು ಕೊರತೆಯಿರುವವರಿಗೆ ವೈದ್ಯರು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವ ಪ್ರಮಾಣ; ದಿನದ ಅಗತ್ಯ 600 ಯೂನಿಟ್ ಮಾತ್ರ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಲೆಕ್ಕವಿಲ್ಲದೆ ನುಂಗುತ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮೂತ್ರಪಿಂಡದ ತೊಂದರೆ ಬರಬಹುದು. ರಾಗಿ, ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದೆ, ವಿಟಮಿನ್ ಡಿ ಇಲ್ಲ. ಮೀನು ತಿನ್ನುವವರಾದರೆ ಬೂತಾಯಿಯಲ್ಲಿ ಅದು ಸಿಗುತ್ತದೆ. ಎದೆಹಾಲಿನಲ್ಲೂ ಅದು ತೀರಾ ಕಡಿಮೆಯಾದ್ದರಿಂದ, ಮಗುವಿಗೆ ದಿನಕ್ಕೆ 400 ಯೂನಿಟ್‌ನ ಹನಿಯ ವಿಷಯವನ್ನು ಮಕ್ಕಳ ವೈದ್ಯರಲ್ಲಿ ಕೇಳಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಮಳೆ ಬಿಟ್ಟಾಗ ಬೆಳಗಿನ ಎಳೆಬಿಸಿಲಿಗೆ ಕೂರಿಸಿದರೆ ಸಾಕೇ?

ಉತ್ತರ (ನಿವೃತ್ತ ದಾದಿ, ಕುಂಬಳೆ)
ಎಳೆಬಿಸಿಲು ಹಿತವಾದರೂ ವಿಟಮಿನ್ ಡಿ ಉಂಟುಮಾಡುವ ಕಿರಣಗಳು ಅದರಲ್ಲಿ ತೀರಾ ಕಡಿಮೆ. ಹೊತ್ತೇರಿದ ಮೇಲೆ, ಹನ್ನೊಂದರ ಸುಮಾರಿಗೆ, ಕೈಕಾಲಿಗೆ ಬಿಸಿಲು ಬೀಳುವಂತೆ ಸ್ವಲ್ಪ ಹೊತ್ತು ಕೂರಲಿ. ಕಿಟಕಿಯ ಗಾಜಿನೊಳಗಿನ ಬಿಸಿಲು ಲೆಕ್ಕಕ್ಕಿಲ್ಲ. ಬಾಣಂತಿಯರ ಸೊಂಟನೋವೆಲ್ಲ ಮೂಳೆಯದ್ದಲ್ಲ, ಮಗುವನ್ನೆತ್ತುವ ಭಂಗಿಯಿಂದಲೂ ಬರುತ್ತದೆ. ಆದರೆ ನೋವು ಥಟ್ಟನೆ ಬೆನ್ನಿನಲ್ಲಿ ಕಾಣಿಸಿ, ಎದ್ದು ನಿಲ್ಲಲೂ ಆಗದಂತಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ. ಅಪರೂಪಕ್ಕೆ ಈ ಅವಧಿಯಲ್ಲಿ ಬೆನ್ನೆಲುಬು ಕುಸಿಯುವುದೂ ಇದೆ.